ಎಲೆಯ ಮೇಲಿನ ಕಜ್ಜಾಯ

ಅವಿನಾಶಿಯಿಂದ ಸೇವೂರಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿದರೆ ನಮ್ಮ ನೇಕಾರರ ಬೀದಿ. ಎದುರುಬದುರು ಎರಡು ಸಾಲು ಮನೆಗಳು, ನಡುವೆ ಮಗ್ಗಕ್ಕೆ ನೂಲು ಹಾಸಿ ಗಂಜಿ ಹಾಕುವಷ್ಟು ಉದ್ದದ ಜಾಗ, ತುದಿಯಲ್ಲಿ ಚೌಡೇಶ್ವರಿ ಗುಡಿ. ನಾವು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಬಲ್ಲವರು ಈ ಬೀದಿಯಲ್ಲಿ ಇಬ್ಬರೇ. ಒಬ್ಬ ನಾನು. ಯಾವ ಮೇಷ್ಟರ ಹಂಗೂ ಇಲ್ಲದೆ, ಕೊಳ್ಳೇಗಾಲಕ್ಕೆ ರೇಷ್ಮೆ ನೂಲಿಗೆ ಹೋಗಿಬರುತ್ತಿದ್ದ ಕಾಲದಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ನೋಡಿ ನೋಡಿ ಕಲಿತವನು. ಇನ್ನೊಬ್ಬಳು ಅಕ್ಕಮ್ಮ. ಅವಳ ಸಂಗತಿ ಬರೆಯಲು ಬೇರೆ ಯಾರೂ ಕೈ ಹಾಕುವ ಹಾಗೆ ಕಾಣುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತೇನೆ.

ಅಕ್ಕಮ್ಮ ಚಾಮರಾಜನಗರದ ಕಡೆಯವಳು, ಕ್ರಿಸ್ತನ ಮತದವಳು. ಗಂಡ ಚಂದ್ರಪ್ಪನಿಗೆ ಇಲ್ಲಿನ ನೂಲಿನ ಮಿಲ್ಲೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಾಗ ಇಬ್ಬರೂ ಒಂದು ಟ್ರಂಕು, ಒಂದು ಚಾಪೆ ಹಿಡಿದು ಬಂದಿಳಿದರು. ನಮ್ಮ ಎದುರು ಮನೆ ಖಾಲಿ ಇತ್ತು, ಬಾಡಿಗೆಗೆ ಹಿಡಿದರು. ಶಿಲುಬೆಯ ಮನೆ ನಮ್ಮ ಬೀದಿಯಲ್ಲೇಕೆ ಎಂದು ಕೆಲವರು ಮುಖ ಗಂಟು ಹಾಕಿಕೊಂಡದ್ದೂ ಉಂಟು. ಆದರೆ ಅವಳು ಬಾಯಿ ಬಿಟ್ಟು ಮಾತಾಡಿದಾಗ ಅದು ನಮ್ಮ ಅಜ್ಜಿಯರ ಕನ್ನಡಕ್ಕಿಂತ ಚೊಕ್ಕಟವಾಗಿತ್ತು. ಅಷ್ಟಕ್ಕೇ ಅರ್ಧ ಬೀದಿ ಅವಳ ಕಡೆಗೆ ವಾಲಿತು. ಮಕ್ಕಳಾಗಲಿಲ್ಲ. ಹೆಂಗಸರ ಜೊತೆ ಕೂತು ಲಾಳಿಗೆ ನೂಲು ಸುತ್ತುವುದನ್ನು ಕಲಿತಳು. ಹೆರಿಗೆ ಮನೆಗೆ ನೀರು ಕಾಯಿಸಲು, ಸತ್ತವರ ಮನೆಗೆ ಅನ್ನ ಬೇಯಿಸಲು ಯಾರೂ ಕರೆಯದೆ ಹೋಗಿ ನಿಲ್ಲುತ್ತಿದ್ದಳು. ಹೀಗೆ ನಮ್ಮವಳಾದಳು.

ಅವಳಿಗೆ ಕೊಡುವ ಹುಚ್ಚು. ಹುಚ್ಚು ಎಂದು ನಾನು ಹೇಳುತ್ತಿಲ್ಲ, ಚಂದ್ರಪ್ಪನೇ ನನ್ನ ಮುಂದೆ ಹೇಳುತ್ತಿದ್ದದ್ದು.

"ಗೋಪಾಲಸಾಮಣ್ಣ, ಇವಳು ಕೊಡಕ್ಕೆ ಶುರು ಮಾಡುದ್ರೆ ನನ್ನೂ ಎತ್ತಿ ಯಾರಿಗಾರ ಕೊಟ್ಬುಡ್ತಾಳೆ. ಯಾರೂ ತಕ್ಕೊಳಲ್ಲ ಅಂತ ಉಳ್ಕೊಂಡಿವ್ನಿ."

ಆದರೆ ಸಿಕ್ಕಿದ್ದನ್ನು ತೆಗೆದು ಕೊಡುವವಳಲ್ಲ. ಒಂದು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಯ ಒಬ್ಬಾಕೆ, ಕ್ರಿಸ್ಮಸ್ಸಿಗೆ ಬಡ ಮಕ್ಕಳಿಗೆ ಹಂಚಮ್ಮ ಎಂದು ಒಂದು ಮೂಟೆ ಅಂಗಿ ಕಳಿಸಿದಳು. ಪರದೇಶಕ್ಕೆ ಹೋಗದೆ ತಳ್ಳಿಹಾಕಿದ ಮಾಲು. ಕೊರಳು ಒಂದು ಕಡೆ ಎಳೆದಿತ್ತು, ತೋಳು ಇನ್ನೊಂದು ಕಡೆ. ಅಕ್ಕಮ್ಮ ಒಂದೊಂದರ ಹೊಲಿಗೆಯನ್ನೂ ಬಿಚ್ಚಿ, ಪಕ್ಕದ ಬೀದಿಯ ಟೈಲರ್ ಸಾಂತಿಯ ಮಿಷನ್ನಿನ ಮುಂದೆ ಕೂತು, ಕೊರಳೆಲ್ಲ ನೆಟ್ಟಗೆ ಮಾಡಿಸಿಯೇ ಹಂಚಿದಳು.

"ಬಿಟ್ಟಿ ಅಂಗಿಗೆ ಇಷ್ಟು ಪಾಡು ಯಾಕಮ್ಮ?" ಎಂದು ನಾನು ಕೇಳಿದೆ.

"ಅಣ್ಣ, ಮಿಕ್ಕಿದ್ದ ಕೊಟ್ರೆ ಅದು ಕೊಟ್ಟಂಗಾಯ್ತದಾ? ದೇವ್ರು ನಮಗೆ ಮಿಕ್ಕಿದ್ದ ಕೊಟ್ನಾ? ಇದ್ದ ಒಬ್ಬ ಮಗನ್ನೇ ಕೊಟ್ಟ. ಆ ಬಡ ಮಗ ಹಾಕ್ಕೊಂಡ ಅಂಗಿ ನಮ್ಮ ಸ್ವಾಮಿ ಹಾಕ್ಕೊಂಡಂಗೆ. ಸ್ವಾಮಿಗೆ ಸೊಟ್ಟ ಕೊರಳು ಹಾಕ್ಸಾದಾ?"

ಇನ್ನು ಅವಳ ಕ್ರಿಸ್ಮಸ್ ಎಂದರೆ ಕಜ್ಜಾಯ. ಅಕ್ಕಿ ನೆನೆಸಿ, ಹಸಿಹಸಿಯಾಗಿ ಕುಟ್ಟಿ, ಬೆಲ್ಲದ ಪಾಕಕ್ಕೆ ಕಲಸಿ, ಎರಡು ಮೂರು ದಿನ ಇಟ್ಟು, ಎಣ್ಣೆ ಸವರಿದ ಎಲೆಯ ಮೇಲೆ ತಟ್ಟಿ ಕರಿಯುವುದು. ಇಲ್ಲಿ ಅದಿರಸ ಅನ್ನುತ್ತಾರೆ. ಬೀದಿಯ ಪ್ರತಿ ಮನೆಗೂ ಒಂದೊಂದು ತೂಕುಪೋಸಿ ಹೋಗುತ್ತಿತ್ತು. ಪೋಸಿ ಅಂದರೆ ನಮ್ಮ ಕಡೆ ಪಾತ್ರೆ. ಹಿಡಿಕೆ, ಮುಚ್ಚಳ ಇದ್ದರೆ ತೂಕುಪೋಸಿ. ಮನೆಗೆ ಬಂದ ಪೋಸಿಯನ್ನು ಖಾಲಿ ತಿರುಗಿಸುವ ವಾಡಿಕೆ ನಮ್ಮಲ್ಲಿ ಇಲ್ಲ. ಪೊಂಗಲ್‌ವರೆಗೆ ಇಟ್ಟುಕೊಂಡು, ಮುರುಕು, ಕಡಲೆ, ಹೊಸ ಅಕ್ಕಿ, ಬಾಳೆಕಾಯಿ, ಬಂದದ್ದಕ್ಕೆ ಒಂದು ಹಿಡಿ ಹೆಚ್ಚಾಗಿಯೇ ತುಂಬಿ ಕಳಿಸಬೇಕು. ಖಾಲಿ ಪೋಸಿ ತಿರುಗಿಸಿದ ಮನೆಯ ಹೆಂಗಸು ಬೀದಿಯಲ್ಲಿ ತಲೆ ಎತ್ತಿ ನಡೆಯುವುದಿಲ್ಲ. ಹೀಗೆ ಕ್ರಿಸ್ಮಸ್ಸಿಗೆ ಹೋದದ್ದು ಪೊಂಗಲ್‌ಗೆ ಬಂದು, ಎಲ್ಲರಿಗೂ ಸಂತೋಷವಾಗಿಯೇ ನಡೆಯುತ್ತಿತ್ತು, ಮಾರಪ್ಪನ್ ಬೀಳುವವರೆಗೆ.

ಮಾರಪ್ಪನ್ ಅಕ್ಕಮ್ಮನ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಒಳ್ಳೆಯ ನೇಕಾರ, ಅವನು ಮಗ್ಗದ ಹಗ್ಗ ಎಳೆಯುವ ಸದ್ದು ಕೇಳಿದರೆ ಅವನ ಮನಸ್ಸು ಹೇಗಿದೆ ಎಂದು ಬೀದಿಗೆ ಗೊತ್ತಾಗುತ್ತಿತ್ತು. ಐವತ್ತು ತುಂಬುವ ಮೊದಲೇ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಾಯಿತು. ಮಗಳು ಇಲಕ್ಕಿಯಾ ಕೊಯಮತ್ತೂರಿನಲ್ಲಿ ನರ್ಸಿಂಗ್ ಓದಲು ಸೇರಿ ಹಾಸ್ಟೆಲಿನಲ್ಲಿದ್ದಳು. ಹೆಂಡತಿ ಸುಶೀಲ ತಿರುಪ್ಪೂರಿನ ಕಂಪನಿಗೆ ಹೊಲಿದ ಬಟ್ಟೆಯಲ್ಲಿ ಜೋತುಬಿದ್ದ ಪಿಸಿರು ನೂಲು ಕತ್ತರಿಸುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ವ್ಯಾನು ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ.

ಹೋದ ಕ್ರಿಸ್ಮಸ್ಸಿಗೆ ಹಿಂದಿನ ಕ್ರಿಸ್ಮಸ್ಸಿನಲ್ಲಿ ಅಕ್ಕಮ್ಮ ತಪ್ಪು ಮಾಡಿದ್ದು ಇಲ್ಲೇ. ಪಾಪ, ಮನೆ ಕಷ್ಟದಲ್ಲಿದೆ ಎಂದು ಆ ಮನೆಗೆ ಮಾತ್ರ ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೋಸಿಯನ್ನು ತೆಗೆದಳು. ತಳದಲ್ಲಿ ಅಕ್ಕಿ, ನಡುವೆ ಎಣ್ಣೆಯ ಪೊಟ್ಟಣ, ಬೇಳೆ, ಮೇಲೆ ಕಜ್ಜಾಯ. ಮುಚ್ಚಳ ಕೂರದಷ್ಟು ತುಂಬಿ, ಸೆರಗಲ್ಲಿ ಮುಚ್ಚಿ ಕೊಟ್ಟುಬಂದಳು. ಬೇರೆ ಊರಾಗಿದ್ದರೆ ಇದು ಒಳ್ಳೆಯ ಕೆಲಸವೇ. ನಮ್ಮ ಬೀದಿಯಲ್ಲಿ, ಪೋಸಿ ದೊಡ್ಡದಾದಷ್ಟೂ ತಿರುಗಿಸುವ ಹೊರೆ ದೊಡ್ಡದು.

ಪೊಂಗಲ್ ಮಾರನೆಯ ದಿನ ಸುಶೀಲ ಆ ಪೋಸಿಯನ್ನು ತಂದು ಅಕ್ಕಮ್ಮನ ಜಗಲಿಯ ಮೇಲೆ ಇಟ್ಟಳು. ಅಕ್ಕಮ್ಮ ಮುಚ್ಚಳ ತೆಗೆದರೆ ಒಳಗೆ ಮಡಿಸಿಟ್ಟ ಹೊಸ ಸೀರೆ. ಎಲೆ ಹಸಿರು ಒಡಲು, ಅರಗಿನ ಬಣ್ಣದ ಅಂಚು. ಮಾರಪ್ಪನ್ ಮಗಳಿಗೆಂದು ನೇಯ್ದದ್ದು. ಅವನು ಕೊನೆಯದಾಗಿ ನೇಯ್ದದ್ದೂ ಅದೇ.

"ಅಯ್ಯೋ ಸುಶೀಲಾ, ಇದು ಮಗಿಂದಲ್ವಾ?"

"ಅವಳಿಗೇನಕ್ಕಾ, ಕಾಲೇಜಲ್ಲಿ ಯೂನಿಫಾರಂ ತಾನೆ. ನೀವು ಉಡಿ."

ಅಕ್ಕಮ್ಮ ಎರಡನೆಯ ತಪ್ಪು ಮಾಡಿದಳು. ಮರುದಿನ ಸೀರೆಯನ್ನು ಎತ್ತಿಕೊಂಡು ಹೋಗಿ ತಿರುಗಿ ಕೊಡಲು ನೋಡಿದಳು. ಸುಶೀಲ ಬಾಗಿಲಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು:

"ಏನಕ್ಕಾ, ನೀವು ಮಾತ್ರ ಕೊಡಬೇಕು, ನಾವು ಕೊಟ್ಟರೆ ವಾಪಸ್ಸಾ? ನಮ್ಮ ಮನೆ ಅಷ್ಟು ಬಿದ್ದುಹೋಯ್ತಾ? ಇನ್ನು ಮೇಲೆ ನಮ್ಮ ಮನೆಗೆ ಏನೂ ಬೇಡ, ವೇಂಡಾಂ. ಕಜ್ಜಾಯನೂ ವೇಂಡಾಂ, ಕಾಳಜಿನೂ ವೇಂಡಾಂ."

ಅಲ್ಲಿಂದ ಆ ಬಾಗಿಲು ಮುಚ್ಚಿತು. ಸುಶೀಲ ಯಾರ ಮನೆಯಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಗಂಡನಿಗೆ ಉಣ್ಣಿಸಿ, ಮಧ್ಯಾಹ್ನದ್ದನ್ನು ಮಂಚದ ಪಕ್ಕ ಮುಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಒಮ್ಮೆ ಅವನು ತೆವಳಿಕೊಂಡು ಬೀದಿಗೆ ಬಂದು ಬಿದ್ದಿದ್ದ, ಅದಕ್ಕೆ ಬೀಗ. ಹಗಲೆಲ್ಲ ಆ ಮನುಷ್ಯ ಒಳಗೆ ಒಬ್ಬನೇ. ಗೋಡೆಯ ಆ ಕಡೆ ಮಾರಪ್ಪನ್ ಕೆಮ್ಮಿದರೆ ಈ ಕಡೆ ಅಕ್ಕಮ್ಮನ ಕೈಯಲ್ಲಿ ಸೌಟು ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೆ ಮತ್ತೆ ಸೌಟು ಆಡುತ್ತಿತ್ತು.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಕೆಮ್ಮಲ್ಲ, ಧೊಪ್ಪೆಂದು ಬಿದ್ದ ಸದ್ದು ಕೇಳಿತು. ಅಕ್ಕಮ್ಮ ಬೀದಿಗೆ ಓಡಿಬಂದು ಕೂಗಿದಳು. ನಾನೂ ಮಗ್ಗದ ಗುಂಡಿಯಿಂದ ಎದ್ದು ಓಡಿದೆ. ಬಾಗಿಲಿಗೆ ಬೀಗ. ಸುಶೀಲನಿಗೆ ಫೋನು ಮಾಡಿದರೆ ತೆಗೆಯುವವರಿಲ್ಲ. ಕೆಲಸದ ಹೊತ್ತಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು ಅವರು. ಚಂದ್ರಪ್ಪ ಒಂದು ಕಲ್ಲು ಎತ್ತಿಕೊಂಡು ಬಂದ.

ಒಳಗಿನಿಂದ ತೊದಲು ದನಿ ಬಂತು. "ಒಡೀಬ್ಯಾಡಿ."

"ಲೋ ಮಾರಪ್ಪಾ, ಬಿದ್ದಿದ್ದೀಯಲ್ಲೋ!" ಎಂದ ಚಂದ್ರಪ್ಪ.

"ಬಿದ್ರೂ... ಪರವಾಯಿಲ್ಲ. ಬೀಗ ಒಡದ್ರೆ... ಅವಳಿಗೆ ಅವಮಾನ. ಅಣ್ಣಾ... ಒಡೀಬ್ಯಾಡಿ."

ಚಂದ್ರಪ್ಪನ ಕೈಯ ಕಲ್ಲು ಕೆಳಗಿಳಿಯಿತು. ಅಕ್ಕಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಸುಶೀಲನ ವ್ಯಾನು ಬರುವವರೆಗೂ ಕೂತೇ ಇದ್ದಳು. ಬಾಗಿಲ ಸಂದಿಯಿಂದ ಊರ ಸುದ್ದಿ, ಕೋಳಿಯ ಸುದ್ದಿ, ಬಾಯಿಗೆ ಬಂದದ್ದೆಲ್ಲ ಮಾತಾಡುತ್ತ, ಒಳಗಿನವನು ಹೂಂಗುಟ್ಟುತ್ತಾನೋ ಇಲ್ಲವೋ ಎಂದು ಕಿವಿ ಕೊಡುತ್ತ. ಸುಶೀಲ ಬಂದು ಬೀಗ ತೆಗೆದ ಮೇಲೆ ನಾವೆಲ್ಲ ಸೇರಿ ಅವನನ್ನು ಎತ್ತಿ ಮಂಚಕ್ಕೆ ಹಾಕಿದೆವು. ಮೂಳೆ ಮುರಿದಿರಲಿಲ್ಲ, ಅಷ್ಟು ಪುಣ್ಯ.

"ಸುಶೀಲಾ, ಒಂದು ಬೀಗದಕೈ ನನ್ ತಾವ ಮಡಗವ್ವ. ಕಾಲಿಗೆ ಬೀಳ್ತೀನಿ," ಎಂದಳು ಅಕ್ಕಮ್ಮ.

ಸುಶೀಲ ಗಂಡನ ಮೈ ಒರೆಸುತ್ತಲೇ ಹೇಳಿದಳು. "ನೀವು ದಿನಾ ಬಂದು ನೋಡಿಕೊಂಡ್ರೆ, ನಾನು ದಿನಾ ಏನು ತಿರುಗಿಸೋದು ಅಕ್ಕಾ? ಸೊಲ್ಲಿ, ನೀವೇ ಹೇಳಿ. ನನ್ ಹತ್ರ ಇನ್ನು ಸೀರೆ ಇಲ್ಲ."

ಮರುದಿನ ಬೆಳಿಗ್ಗೆ ಮತ್ತೆ ಬೀಗ ಬಿತ್ತು. ಎರಡನೆಯ ಸಲ ಬಿದ್ದರೆ ಅವನು ಏಳುವನೋ ಇಲ್ಲವೋ. ಬೀದಿಯವರಿಗೆಲ್ಲ ಆ ಭಯ ಇತ್ತು, ಬಾಯಿ ಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಡಿಸೆಂಬರ್ ಬಂತು. ಅಕ್ಕಮ್ಮನ ಮನೆಯ ಸೂರಿಗೆ ಕಾಗದದ ನಕ್ಷತ್ರ ಏರಿತು. ಅಕ್ಕಿ ನೆನೆಸುವ ಹೊತ್ತಿಗೆ ಸರಿಯಾಗಿ ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಅವಿನಾಶಿ ಆಸ್ಪತ್ರೆಯಲ್ಲಿ ಮೊಳಕೈವರೆಗೆ ಮಾವುಕಟ್ಟು, ಅಂದರೆ ಪ್ಲಾಸ್ಟರು, ಹಾಕಿ ಕಳಿಸಿದರು.

ಬೀದಿಯ ಹೆಂಗಸರು ನೋಡಲು ಬಂದರು. "ಸಂಜೆ ಕೆಲಸ ಮುಗಿಸಿ ಬಂದು ನಾವೇ ಆದಷ್ಟು ಕಜ್ಜಾಯ ತಟ್ಟಿಕೊಡ್ತೀವಿ ಅಕ್ಕಾ," ಎಂದಳು ನನ್ನ ಮನೆಯಾಕೆ.

"ಬ್ಯಾಡಿ. ಹಬ್ಬ ನಂದು, ಕೈ ನಿಮ್ದಾ? ಈ ವರ್ಷ ಕಜ್ಜಾಯ ಇಲ್ಲ ಅಷ್ಟೆ. ನಿಮ್ಮ ಪಾಡಿಗೆ ನಿಮ್ಮ ಕೆಲಸ ನೋಡ್ಕಳಿ," ಎಂದು ಅಕ್ಕಮ್ಮ ಎಲ್ಲರನ್ನೂ ಸಾಗಹಾಕಿದಳು. ನಾನು ಅಲ್ಲೇ ಜಗಲಿಯಲ್ಲಿ ಕೂತಿದ್ದೆ. ಹೆಂಗಸರು ಹೋದ ಮೇಲೆ ಚಂದ್ರಪ್ಪ ಬೀಡಿ ಆರಿಸಿ ಬಾಯಿ ತೆಗೆದ.

"ಗೋಪಾಲಸಾಮಣ್ಣ, ನೋಡ್ದಾ? ಇವಳೂ ಆ ಸುಶೀಲನೂ ಒಂದೇ ಮಗ್ಗದಲ್ಲಿ ನೇಯ್ದ ಬಟ್ಟೆ. ಅವಳು ಬಾಗ್ಲಿಗೆ ಬೀಗ ಹಾಕವ್ಳೆ, ಇವಳು ಬಾಯಿಗೆ ಹಾಕವ್ಳೆ."

"ಏನಂದೆ?"

"ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು ಕಣಮ್ಮೀ. ಒಂದು ದಿನ ಯಾರನ್ನಾದರೂ ಒಂದು ಚಿಟಿಕೆ ಉಪ್ಪು ಕೇಳಿದ್ದೀಯಾ? ಮಂದಿ ನಿನ್ನ ತಾವ ಈಸ್ಕೋಬೇಕು, ನೀನು ಯಾರ ತಾವೂ ಈಸ್ಕೋಬಾರ್ದು. ಅದೂ ಒಂಥರಾ ದೊಡ್ಡಸ್ತಿಕೆಯೆ."

ಅಕ್ಕಮ್ಮ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿತು, ಎಡಗೈಯಲ್ಲಿ ಹಿಡಿದದ್ದು ಜಾರಿತೋ, ಸಿಟ್ಟಿಗೆ ಎಸೆದಳೋ ತಿಳಿಯದು. "ಇವತ್ತು ನನಗೆ ಸಾಪಾಟು ಇಲ್ಲ," ಎಂದ ಚಂದ್ರಪ್ಪ, "ನಿನ್ನ ಮನೇಲಿ ಏನು ಸಾರು?"

ಅವಳು ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಭಾನುವಾರ ಚರ್ಚಿಗೆ ಹೋಗಿ ಬಂದವಳು ನೇರ ನಮ್ಮ ಮನೆಗೆ ಬಂದಳು. ನಾನು ಮಗ್ಗದಲ್ಲಿದ್ದೆ. ಎದುರಿಗೆ ಮಣೆ ಹಾಕಿಕೊಂಡು ಕೂತು, ಮಾವುಕಟ್ಟಿನ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಹೇಳಿದಳು.

"ಅಣ್ಣ, ಚರ್ಚಲ್ಲಿ ಮಕ್ಕಳು ಗೋದಲಿ ಕಟ್ಟವ್ರೆ. ಹುಲ್ಲಿನ ಮೇಲೆ ಕೂಸು ಮಲಗ್ಸವ್ರೆ. ವರ್ಷಾ ವರ್ಷಾ ನೋಡ್ತಿದ್ದೆ, ಇವತ್ತೇ ಕಂಡಿದ್ದು. ಎಲ್ಲಾನೂ ಕೊಡಕ್ಕೆ ಬಂದೋನು ಎಂಗೆ ಬಂದ ನೋಡು. ಕೈತುಂಬ ಹೊತ್ಕೊಂಡು ಬರ್ಲಿಲ್ಲ. ಬರಿಗೈಲಿ ಬಂದ. ಕತ್ತು ನಿಲ್ಲದ ಕೂಸಾಗಿ ಬಂದ. ಮಲಗಕ್ಕೆ ಯಾರದೋ ಕೊಟ್ಟಿಗೆ ಬೇಕಾಯ್ತು, ಸುತ್ತಕ್ಕೆ ಬಟ್ಟೆ ಬೇಕಾಯ್ತು, ಹಾಲು ಬೇಕಾಯ್ತು. ಮೊದ್ಲು ಕೇಳ್ದ, ಆಮೇಲೆ ಕೊಟ್ಟ. ಅವನಿಗೆ ಕೊಟ್ಟೋರೆಲ್ಲ ಏನೂ ಇಲ್ದೋರೆ. ಬಡವ್ರ ಕೈಲಿ ಈಸ್ಕೊಂಡು ಅವ್ರನ್ನ ದೊಡ್ಡೋರು ಮಾಡ್ದ. ನಾನು ಇಷ್ಟು ವರ್ಷ ಕೊಟ್ಟೆ ಕೊಟ್ಟೆ ಅಂತ ಬೀಗ್ತಿದ್ನಲ್ಲ, ಒಬ್ಬರನ್ನಾದರೂ ಕೇಳಿದ್ನಾ?"

ನಾನು ಲಾಳಿ ನಿಲ್ಲಿಸಿದೆ. ನಾನು ಚೌಡೇಶ್ವರಿಯ ಒಕ್ಕಲು. ದೇವರ ವಿಷಯದಲ್ಲಿ ನಾಲ್ಕು ಪುರಾಣ ಕೇಳಿದವನು, ನಾಲ್ಕು ಜನರಿಗೆ ಹೇಳಬಲ್ಲವನು. ಆ ಹೊತ್ತು ಮಾತ್ರ ಎದ್ದು ಅವಳಿಗೆ ಒಂದು ಲೋಟ ನೀರು ತಂದಿಟ್ಟೆ.

ಆ ಸಂಜೆ ಸುಶೀಲನಿಗೆ ರಜೆ, ಮನೆಯಲ್ಲೇ ಇದ್ದಳು. ಅಕ್ಕಮ್ಮ ಟ್ರಂಕು ತೆಗೆದು ಎಲೆ ಹಸಿರಿನ ಆ ಸೀರೆಯನ್ನು ಉಟ್ಟಳು. ಒಂದೇ ಕೈಯಲ್ಲಿ ಉಡಲು ಬಾರದೆ ನನ್ನ ಮನೆಯಾಕೆಯನ್ನು ಕರೆದು ನೆರಿಗೆ ಹಿಡಿಸಿಕೊಂಡಳು. ಅವಳು ಈ ಬೀದಿಯಲ್ಲಿ ಕೇಳಿ ಪಡೆದ ಮೊದಲನೆಯ ಉಪಕಾರ ಅದು ಎಂದು ನನ್ನ ಲೆಕ್ಕ. ಬರಿಗೈಯಲ್ಲಿ ಹೋಗಿ ಪಕ್ಕದ ಬಾಗಿಲು ತಟ್ಟಿದಳು. ನಾವು ಗಂಡಸರು ಎದುರು ಜಗಲಿಯಲ್ಲಿ ಕೂತು ಏನೂ ನೋಡದವರ ಹಾಗೆ ನೋಡುತ್ತಿದ್ದೆವು.

ಸುಶೀಲ ಬಾಗಿಲು ತೆಗೆದಳು. ಮೊದಲು ಅವಳ ಕಣ್ಣು ಅಕ್ಕಮ್ಮನ ಕೈಗೆ ಹೋಯಿತು, ಪೋಸಿ ಏನಾದರೂ ಇದೆಯೋ ಎಂದು. ಆಮೇಲೆ ಸೀರೆಗೆ. ಅಲ್ಲಿಂದ ಕಣ್ಣು ಕೀಳಲಿಲ್ಲ.

"ಚೆನ್ನಾಗದಾ?" ಎಂದಳು ಅಕ್ಕಮ್ಮ.

"...ಅಂಚು ಎತ್ತಿ ಉಟ್ಟಿದ್ದೀರ ಅಕ್ಕಾ."

"ನಿನ್ ತಾವ ಒಂದು ಕೇಳಕ್ಕೆ ಬಂದೆ ಕನವ್ವ. ಕಜ್ಜಾಯ ಮಾಡ್ಬೇಕು. ನನಗೆ ಬಲಗೈ ಇಲ್ಲ. ಮಾರಪ್ಪನ ಬಲಗೈ ಕೊಡು."

ಸುಶೀಲನಿಗೆ ಅರ್ಥವಾಗಲಿಲ್ಲ. "ಅವ್ರ ಕೈಯಾ? ಬೀದೀಲಿ ಎಷ್ಟು ಹೆಂಗಸರಿದ್ದಾರೆ..."

"ಎಲ್ಲಾರೂ ಹಗಲೊತ್ತು ಮಗ್ಗದ ಮುಂದೆ ಕೂತಿರ್ತಾರೆ, ಇಲ್ಲ ನಿನ್ನಂಗೆ ಕಂಪನಿಗೆ ಹೋಗಿರ್ತಾರೆ. ಹಗಲೊತ್ತು ಸುಮ್ಕೆ ಇರೋ ಒಳ್ಳೆ ಕೈ ಈ ಬೀದೀಲಿ ಒಂದೇ. ಅದಕ್ಕೆ ನೀನು ಬೀಗ ಹಾಕ್ಬುಟ್ಟಿದ್ದೀಯ. ಅವನು ತಟ್ಟಿಕೊಟ್ರೆ ನಾನು ಎಡಗೈಲಿ ಎಣ್ಣೆಗೆ ಬುಡ್ತೀನಿ. ನಮ್ಮನೆಗೆ ಅವನ್ನ ಹೊತ್ಕೊಂಡು ಹೋಗಕ್ಕಾಗಲ್ಲ. ಒಲೆ ನಿಮ್ಮನೆಗೇ ತತ್ತೀನಿ."

ಸುಶೀಲ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗಿನಿಂದ ಮಂಚ ಕಿರುಗುಟ್ಟಿತು.

"ಮಾಡಿಕೊಟ್ಟರೆ ಏನು ಕೊಡ್ತೀರ?" ಎಂದಳು. ಕೊಂಕಿತ್ತು ಮಾತಿನಲ್ಲಿ.

"ಏನೂ ಕೊಡಲ್ಲ. ಅಕ್ಕಿ ಕೊಡಲ್ಲ, ಬ್ಯಾಳೆ ಕೊಡಲ್ಲ. ಕೇಳ್ತಾ ಇವ್ನಿ ಅಷ್ಟೆಯ. ನನ್ ಕೈಲಾಗಲ್ಲ ಅಂತ ಕೇಳ್ತಾ ಇವ್ನಿ."

ಅಕ್ಕಮ್ಮ ಸೆರಗಿನ ತುದಿಯನ್ನು ಎಡಗೈ ಬೆರಳಿಗೆ ಸುತ್ತಿಕೊಂಡಳು. ಕೇಳಿ ರೂಢಿಯಿಲ್ಲದವಳು. ಸುಶೀಲ ಅವಳ ಮುಖವನ್ನೇ ನೋಡಿದಳು. ಇದು ತನ್ನ ಬಡತನಕ್ಕೆ ಹೊದಿಸಿದ ಸೆರಗೋ, ಇಲ್ಲಾ ನಿಜವಾಗಿಯೂ ಬೇಕಾಗಿ ಬಂದದ್ದೋ ಎಂದು ಅಳೆಯುವ ಹಾಗೆ. ಆಗ ಒಳಗಿನಿಂದ ಮಾರಪ್ಪನ ದನಿ:

"ಸುಶೀ... ಕೈ ಕೊಡ್ತೀನಿ ಅಂತ... ಸೊಲ್ಲು. ಸುಮ್ಮ ಮಲಗಿ ಮಲಗಿ... ತುಕ್ಕು ಹಿಡಿದದೆ."

ಸುಶೀಲ ನಕ್ಕಳೋ ಅತ್ತಳೋ, ದೂರದಿಂದ ನಮಗೆ ಕಾಣಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದಕೈ ಬಿಚ್ಚಿ ಅಕ್ಕಮ್ಮನ ಎಡಗೈಯಲ್ಲಿ ಇಟ್ಟಳು. "ಹಬ್ಬದವರೆಗೆ ಮಾತ್ರ ಅಕ್ಕಾ," ಎಂದಳು.

ಮಾರನೆಯ ಬೆಳಿಗ್ಗೆಯಿಂದ ಆ ಮನೆಯ ಬಾಗಿಲು ಹಗಲೆಲ್ಲ ತೆರೆದಿತ್ತು. ಚಂದ್ರಪ್ಪ ಅಕ್ಕಿ ಕುಟ್ಟಿಸಿ ತಂದ, ಬೆಲ್ಲ ಒಡೆದ, ಒಂದು ಸಲ ಪಾಕ ಹತ್ತಿಸಿ ಬೈಸಿಕೊಂಡ. ಮಾರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಮಡಿಲಿಗೆ ಮಣೆ ಕೊಟ್ಟು, ಎಣ್ಣೆ ಸವರಿದ ಬಾಳೆಲೆ ಹಾಸಿದೆವು. ಮೊದಲ ದಿನ ಅವನು ತಟ್ಟಿದ್ದು ಒಂದು ಕಡೆ ರೊಟ್ಟಿ, ಒಂದು ಕಡೆ ವಡೆ. ಎಲೆ ಹಿಡಿದುಕೊಳ್ಳಲು ಎಡಗೈ ಬರದು, ಎಲೆ ಜಾರುತ್ತಿತ್ತು.

"ಏನೋ ತಮ್ಮಾ ಇದು, ಭೂಪಟ ಮಾಡಿದ್ದೀಯ?" ಎಂದಳು ಅಕ್ಕಮ್ಮ.

"ನೀವು ಕರಿಯೋದು... ನೆಟ್ಟಗೆ ಕರೀರಿ. ಇದ್ಲು ಮಾಡಿ... ನನ್ನ ಬೈತೀರ."

ಅಕ್ಕಮ್ಮ ತನ್ನ ಮಾವುಕಟ್ಟಿನ ಕೈಯನ್ನು ಎಲೆಯ ಅಂಚಿನ ಮೇಲೆ ಭಾರವಾಗಿ ಇಟ್ಟಳು. ಎಲೆ ನಿಂತಿತು. ಅವನು ತಟ್ಟಿದ. ಅವಳು ಎಡಗೈಯಲ್ಲಿ ಎತ್ತಿ ಎಣ್ಣೆಗೆ ಬಿಟ್ಟಳು, ಮತ್ತೆ ಮಾವುಕಟ್ಟನ್ನು ಎಲೆಗೆ ಕೊಟ್ಟಳು. ಇಬ್ಬರಿಗೂ ಸೇರಿ ಎರಡು ಕೈ. ಮೂರನೆಯ ದಿನಕ್ಕೆ ಮಗ್ಗದ ಲಯ ಹಿಡಿದವನ ಹಾಗೆ ಮಾರಪ್ಪನ್ ತಟ್ಟುತ್ತಿದ್ದ. ಬೀದಿಯಲ್ಲಿ ಹೋಗುವವರು ಒಳಗೆ ಇಣುಕಿ ಏನಾದರೊಂದು ಹಾಸ್ಯ ಮಾಡಿ ಹೋಗುತ್ತಿದ್ದರು. ಅವನು ತೊದಲುತ್ತಲೇ ತಿರುಗಿ ಕೊಡುತ್ತಿದ್ದ. ಸಂಜೆ ಸುಶೀಲ ವ್ಯಾನಿನಿಂದ ಇಳಿದು ಬಂದರೆ ಮನೆಯೆಲ್ಲ ಬೆಲ್ಲದ ವಾಸನೆ, ಗಂಡನ ಮೀಸೆಗೆ ಅಕ್ಕಿ ಹಿಟ್ಟು. ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು, ಯಾರೂ ಕರೆಯದೆ ಎಣ್ಣೆಯ ಮುಂದೆ ಕೂರುತ್ತಿದ್ದಳು.

ಕ್ರಿಸ್ಮಸ್ ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಹಂಚುವ ಹೊತ್ತು. ಅಕ್ಕಮ್ಮನ ಪೋಸಿಗಳೆಲ್ಲ ಅಟ್ಟದ ಮೇಲೆಯೇ ಇದ್ದವು. ಅವಳು ಬಾಳೆಲೆ ಹರಿದು, ಒಂದೊಂದು ತುಂಡಿನ ಮೇಲೆ ಕಜ್ಜಾಯ ಇಟ್ಟು, ರಜೆಗೆ ಬಂದಿದ್ದ ಇಲಕ್ಕಿಯಾಳ ಕೈಯಲ್ಲಿ ಮನೆಮನೆಗೆ ಕಳಿಸಿದಳು. ಎಲೆಯ ಮೇಲೆ ಬಂದದ್ದನ್ನು ತಿಂದು ಎಲೆ ಎಸೆಯುವುದಷ್ಟೇ. ತಿರುಗಿಸಲು ಪಾತ್ರೆಯೇ ಇಲ್ಲ. ಬೀದಿಯ ಹೆಂಗಸರಿಗೆ ಇದು ನುಂಗಲಾರದ ತುತ್ತಾಯಿತು. ನನ್ನ ಮನೆಯಾಕೆ ಎಲೆ ಹಿಡಿದುಕೊಂಡೇ ಜಗಳಕ್ಕೆ ಹೋದಳು.

"ಏನಕ್ಕಾ ಇದು! ಎಲೇಲಿ ಕೊಟ್ರೆ ನಾವು ಯಾತರಲ್ಲಿ ತಿರುಗಿಸೋದು? ಮುರುಕು ಹಿಟ್ಟು ಬೀಸಿಸಿಟ್ಟಿದ್ದೀನಿ ನಾನು!"

"ತಿರುಗಿಸ್ಬ್ಯಾಡ ಕನವ್ವ. ಇಷ್ಟು ವರ್ಷ ನಾವೂ ನೀವೂ ಪೋಸಿ ಆಡಿಸ್ಕೊಂಡಿದ್ದೊ. ನಾನು ತುಂಬೋದು, ನೀವು ಅದಕ್ಕಿಂತ ತುಂಬೋದು. ನಮ್ಮ ಸ್ವಾಮಿ ಹುಟ್ಟಿ ಬಂದದ್ದಕ್ಕೆ ನಾವು ಏನ ತುಂಬಿ ವಾಪಸ್ ಕಳ್ಸಕ್ಕಾಯ್ತದೆ, ಹೇಳು? ಸುಮ್ಕೆ ತಿನ್ನು. ಮಾರಪ್ಪ ತಟ್ಟಿರೋದು."

"ಮತ್ತೆ ಆ ಮುರುಕು ಹಿಟ್ಟು?"

"ಮುರುಕು ಮಾಡು. ಇಲಕ್ಕಿಯಾಗೆ ಬಲು ಇಷ್ಟ. ಯಾವ ಲೆಕ್ಕಕ್ಕೂ ಅಲ್ಲ, ಅವಳಿಗೆ ಇಷ್ಟ ಅಂತ ಕೊಡು."

ನನ್ನ ಪಾಲಿನ ಕಜ್ಜಾಯ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಷ್ಟು ವರ್ಷ ಅಕ್ಕಮ್ಮ ಕಳಿಸಿದ ಕಜ್ಜಾಯಗಳಲ್ಲಿ ಇಂಥದ್ದು ನೋಡಿರಲಿಲ್ಲ. ಸೊಟ್ಟ ಕೊರಳನ್ನು ಬಿಚ್ಚಿ ಹೊಲಿಸಿದವಳು ಇದನ್ನು ಹೇಗೆ ಬಿಟ್ಟಳೆಂದು ಕೇಳಬೇಕೆಂದುಕೊಂಡೆ. ತಿಂದ ಮೇಲೆ ಕೇಳಬೇಕು ಅನ್ನಿಸಲಿಲ್ಲ.

ಹಬ್ಬ ಮುಗಿಯಿತು. ಹಬ್ಬದವರೆಗೆ ಎಂದು ಕೊಟ್ಟ ಬೀಗದಕೈಯನ್ನು ಅಕ್ಕಮ್ಮ ಆ ಸಂಜೆಯೇ ಸುಶೀಲನಿಗೆ ತಿರುಗಿಸಿದಳು. ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತೇನೆ ಎಂದು ಕೇಳಬಾರದಿತ್ತೇ ಎಂದು ನಾನು ಬೈದೆ.

"ನನಗೆ ಬೇಕಾದ್ದ ಕೇಳ್ದೆ, ಕೊಟ್ಲು. ಅವಳಿಗೆ ಬೇಕಾದ್ದ ಅವಳೇ ಕೇಳ್ಬೇಕು ಅಣ್ಣ. ನಾನು ಅವಳ ಬಾಯಿಂದ ಕಿತ್ಕೊಂಡ್ರೆ ಮತ್ತೆ ಅದೇ ದೊಡ್ಡ ಪೋಸಿ ಆಯ್ತದೆ," ಎಂದಳು. ಆದರೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

ರಜೆ ಮುಗಿಸಿ ಇಲಕ್ಕಿಯಾ ಹಾಸ್ಟೆಲಿಗೆ ಹೋದಳು. ಮರುದಿನ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಕಂಪನಿ ವ್ಯಾನು ಬಂದು ಹಾರನ್ ಹೊಡೆಯಿತು. ಸುಶೀಲ ಊಟದ ಡಬ್ಬಿ ಹಿಡಿದು ಹೊರಬಂದಳು. ಬಾಗಿಲು ಎಳೆದುಕೊಂಡಳು. ಒಂದು ಗಳಿಗೆ ಚಿಲಕ ಹಿಡಿದು ನಿಂತಳು. ಎದುರಿನ ಜಗಲಿಯಲ್ಲಿ ನಾನು ಹಲ್ಲುಜ್ಜುವ ಬೇವಿನ ಕಡ್ಡಿಯನ್ನು ಬಾಯಲ್ಲೇ ಇಟ್ಟುಕೊಂಡು ನೋಡುತ್ತಿದ್ದೆ. ಅವಳು ಬೀಗ ಹಾಕದೆಯೇ ತಿರುಗಿ ಅಕ್ಕಮ್ಮನ ಬಾಗಿಲಿಗೆ ಹೋದಳು. ಅಕ್ಕಮ್ಮ ಎಡಗೈಯಲ್ಲಿ ಅಂಗಳ ಗುಡಿಸುತ್ತಿದ್ದಳು.

"ಅಕ್ಕಾ."

"ಏನವ್ವ?"

ವ್ಯಾನು ಮತ್ತೆ ಕೂಗಿತು. ಸುಶೀಲ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಮಧ್ಯಾಹ್ನ ಅವ್ರಿಗೆ ಒಂದು ಲೋಟ ಗಂಜಿ ಕಾಸಿ ಕೊಡ್ತೀರಾ? ಬಿಸಿ ಗಂಜಿ ಅಂದ್ರೆ ಅವ್ರಿಗೆ ಆಸೆ. ಇವತ್ತೊಂದಿನ ಅಲ್ಲ... ದಿನಾ. ನನ್ ಕೈಲಿ ತಿರುಗಿ ಏನೂ ಕೊಡೋಕೆ ಆಗಲ್ಲ ಅಕ್ಕಾ."

ಅಕ್ಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಉಪ್ಪು ಎಷ್ಟು ಹಾಕ್ಲಿ?"

"ಡಾಕ್ಟರು ಕಮ್ಮಿ ಹಾಕು ಅಂದಿದ್ದಾರೆ. ಅವ್ರು ಜಾಸ್ತಿ ಕೇಳ್ತಾರೆ. ಕೊಡಬೇಡಿ."

"ಸರಿ. ವ್ಯಾನು ಬಡ್ಕೊಳ್ತಾ ಅದೆ, ಓಡು."